ರೋಗದ ಕೋಳಿ ಉಂಟಾ?

ಶ್ರೇಯಾಂಸಕುಮಾರನಿಗೆ ಒಂದು ಕೋಳಿ ಬೇಕಾಗಿತ್ತು. ಅದೂ ರೋಗದ ಕೋಳಿ. 1961ರ ಆ ಬೆಳಿಗ್ಗೆ ಅವನು ಖಾಲಿ ಬುಟ್ಟಿ ಹಿಡಿದು ಪುಂಜಾಲಕಟ್ಟೆಯಲ್ಲಿ ಬಸ್ಸಿಳಿದ.

ಆರು ವರ್ಷದಿಂದ ಅವನು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ವೈರಸ್ಸುಗಳ ಸಂಶೋಧನೆ ಮಾಡುತ್ತಿದ್ದ. ದುಡಿಮೆ ಇವನದು, ಪ್ರಬಂಧದ ಮೇಲಿನ ಹೆಸರು ದೊಡ್ಡ ಡಾಕ್ಟರದು. ಇವನಿಗೆ ಕೊನೆಯ ಪುಟದಲ್ಲಿ, ಸೀಸೆ ತೊಳೆದವರ ಜೊತೆಗೆ, ಒಂದು ಕೃತಜ್ಞತೆ. ಪಾಪ, ಅದನ್ನೇ ಕತ್ತರಿಸಿ ಇಟ್ಟುಕೊಂಡಿದ್ದ. ಈ ಸಲ ಮಾತ್ರ ದೊಡ್ಡ ಡಾಕ್ಟರು ಬೆಳ್ತಂಗಡಿಯ ಪ್ರವಾಸಿ ಬಂಗಲೆಯಲ್ಲಿ ಕೂತು ಮಾತು ಕೊಟ್ಟಿದ್ದರು.

"ನಿಮ್ಮೂರ ಕಡೆ ಕೋಳಿಗಳಿಗೆ ಕೊಕ್ಕರೆ ರೋಗ ಇದೆ ಅಂತೀರಲ್ಲ, ಒಂದು ಕೋಳಿ ತಂದು ತೋರಿಸಿ. ಪ್ರಬಂಧದಲ್ಲಿ ನಿಮ್ಮ ಹೆಸರೇ ಮೊದಲು. ಸಂಜೆ ಐದು ಗಂಟೆಗೆ ನನ್ನ ಜೀಪು ಚಾರ್ಮಾಡಿ ಘಾಟಿ ಹತ್ತುತ್ತೆ, ನೆನಪಿರಲಿ."

ಮೊದಲು ಸಿಕ್ಕಿದ್ದು ಸೇಸಮ್ಮನ ಮನೆ.

"ಅಮ್ಮಾ, ರೋಗದ ಕೋಳಿ ಉಂಟಾ?"

"ನಮ್ಮ ಕೋಳಿಗೆ ಎಂಥ ರೋಗ? ನಿಮ್ಮ ಕಣ್ಣು ತಾಗದಿದ್ದರೆ ಸಾಕು!"

ಒಳಗಿನಿಂದ ಕೋಳಿಯೊಂದು ಗೊರಗೊರ ಕೆಮ್ಮಿತು. ಸೇಸಮ್ಮ ಕೂಡಲೇ ಅದಕ್ಕಿಂತ ಜೋರಾಗಿ ತಾನೇ ಕೆಮ್ಮಿ, ಬೆಲ್ಲ ನೀರು ತಂದಿಟ್ಟಳು. ಸುದ್ದಿ ಅವನಿಗಿಂತ ಮುಂದೆ ಓಡಿತು. ಮನೆಮನೆಯಲ್ಲೂ ಬಾಡಿದ ಕೋಳಿಗಳು ಅಟ್ಟ ಸೇರಿದವು, ಕೊಬ್ಬಿದ ಕೋಳಿಗಳು ಅಂಗಳಕ್ಕೆ ಬಂದವು. ಮನೆಗೆ ಬಂದವರ ಎದುರು ರೋಗದ ಕೋಳಿ ತೋರಿಸುವುದಕ್ಕಿಂತ ಮರ್ಯಾದೆಗೇಡು ಬೇರೆ ಉಂಟೇ? ಮಧ್ಯಾಹ್ನದ ಹೊತ್ತಿಗೆ ಬೆಲ್ಲ ನೀರು ಕುಡಿದು ಅವನ ಹೊಟ್ಟೆ ತುಂಬಿತ್ತು, ಬುಟ್ಟಿ ಖಾಲಿಯೇ ಇತ್ತು.

ಚಾ ಹೋಟೆಲಿನ ತುಕ್ರಪ್ಪನಿಗೆ ಕನಿಕರ ಬಂತು. "ರೋಗದ್ದು ಕೇಳಿದ್ರೆ ಯಾರು ಕೊಡ್ತಾರೆ ಮಾರಾಯ್ರೆ? ಮದುವೆ ಊಟಕ್ಕೆ ಒಳ್ಳೆ ಕೋಳಿ ಬೇಕು ಅಂತ ಕೇಳಿ. ಆಗ ರೋಗದ್ದೇ ಬರ್ತದೆ. ಆಚೆ ಡೊಂಬಯ್ಯ ಇದ್ದಾನೆ, ಬೆಳಿಗ್ಗೆಯಿಂದ ಗದ್ದೆಯಲ್ಲಿದ್ದ, ನಿಮ್ಮ ಸುದ್ದಿ ಗೊತ್ತಿಲ್ಲ."

ಶ್ರೇಯಾಂಸಕುಮಾರ ಮೂಡಬಿದ್ರೆಯ ಜೈನರ ಹುಡುಗ. ಮನೆಯಲ್ಲಿ ಈರುಳ್ಳಿಯನ್ನೂ ಒಳಗೆ ಬಿಡುವುದಿಲ್ಲ. ಅಂಥವನು ಡೊಂಬಯ್ಯನ ಅಂಗಳದಲ್ಲಿ ನಿಂತು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಕ್ಷಮೆ ಕೇಳಿ, "ಮದುವೆ ಊಟಕ್ಕೆ ಒಂದು ಕೋಳಿ..." ಎಂದ.

ಡೊಂಬಯ್ಯ ಹಿತ್ತಿಲಿಗೆ ಹೋಗಿ ಒಂದನ್ನು ತಂದ. ಕತ್ತು ತಿರುಚಿತ್ತು, ಒಂದು ಕಾಲು ಎಳೆಯುತ್ತಿತ್ತು, ಹಿಕ್ಕೆ ಹಸಿರು. ಪುಸ್ತಕದಲ್ಲಿದ್ದ ಹಾಗೆಯೇ!

"ಕತ್ತು ಯಾಕೆ ಹೀಗೆ?"

"ನಾಚಿಕೆ ಸ್ವಾಮಿ. ಹೊಸಬರನ್ನು ಕಂಡ್ರೆ ಅದು ಹಾಗೆಯೇ."

ಶ್ರೇಯಾಂಸಕುಮಾರ ಚೌಕಾಸಿ ಮಾಡದೆ ಕೊಂಡ. ಬುಟ್ಟಿಗೆ ಗೋಣಿ ಕಟ್ಟಿ, ತುಕ್ರಪ್ಪನ ಜಗಲಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಬಂಟ್ವಾಳಕ್ಕೆ ಹೋಗುವ ಬಸ್ಸಿನಿಂದ ಇಳಿದರು ಸೋದರಮಾವ ಜಯವರ್ಮ. ಬುಟ್ಟಿಯ ಸಂದಿನಲ್ಲಿ ಒಂದು ಪುಕ್ಕ ಕಂಡಿತು.

"ಅನಂತಮತಿಯ ಮಗ ಕೋಳಿ ಹೊತ್ಕೊಂಡು ಹೋಗುದಾ!" ಎಂದು ಇಡೀ ಪೇಟೆಗೆ ಕೇಳುವಂತೆ ಕೂಗಿದರು.

"ಮಾವ, ತಿನ್ಲಿಕ್ಕಲ್ಲ, ರೋಗಕ್ಕೆ..."

"ಯಾವ ರೋಗಕ್ಕಾದ್ರೂ ನಮ್ಮವರು ಕೋಳಿ ತಿಂದದ್ದುಂಟಾ? ಬಾ ಈಚೆ!"

ಹೋಟೆಲಿನ ಹಿಂದೆ ಕರೆದೊಯ್ದು ಅರ್ಧ ಗಂಟೆ ಧರ್ಮ ಹೇಳಿದರು. ಬಸ್ಸು ಹಾರ್ನ್ ಹೊಡೆದ ಮೇಲೆ ಶ್ರೇಯಾಂಸಕುಮಾರ ಓಡಿಬಂದು, ಜಗಲಿಯಲ್ಲೇ ಬಿಟ್ಟಿದ್ದ ಬುಟ್ಟಿ ಎತ್ತಿಕೊಂಡು ಹತ್ತಿದ. ಬೈಗುಳ ಹೋಗಲಿ, ಹೆಸರು ಮೊದಲು ಬರುತ್ತದಲ್ಲ!

ಐದಕ್ಕೆ ಹತ್ತು ನಿಮಿಷ. ಬಂಗಲೆಯಲ್ಲಿ ದೊಡ್ಡ ಡಾಕ್ಟರು ಕನ್ನಡಕ ಏರಿಸಿ ಕೂತರು. ಶ್ರೇಯಾಂಸಕುಮಾರ ಗೋಣಿ ಬಿಚ್ಚಿದ.

ಕೆಂಪು ಜುಟ್ಟಿನ ಭಾರೀ ಹುಂಜವೊಂದು ಮೇಜಿಗೆ ಹಾರಿ, ಕಾಗದಗಳ ಮೇಲೆ ನಿಂತು, ಬೆಳ್ತಂಗಡಿಗೆಲ್ಲ ಕೇಳುವಂತೆ ಕೂಗಿತು.

ಬಾಗಿಲಲ್ಲಿ ಡೊಂಬಯ್ಯ ಕೈ ಮುಗಿದು ನಿಂತಿದ್ದ. ಅದೇ ಬಸ್ಸಿನಲ್ಲಿ ಹಿಂದೆ ಕೂತು ಬಂದಿದ್ದ. ತುಳುವಿನಲ್ಲಿ ಗುಟ್ಟಾಗಿ ಹೇಳಿದ: "ತಪ್ಪಾಯ್ತು ಧನಿಗಳೇ. ನೀವು ಅನಂತಮತಿ ಅಮ್ಮನ ಮಗ ಅಂತ ಮಾವ ಕೂಗಿದ ಮೇಲೆಯೇ ಗೊತ್ತಾದ್ದು. ಅವರ ಮನೆಯ ಅನ್ನ ಉಂಡವ ನಾನು. ನಿಮಗೆ ರೋಗದ್ದು ದಾಟಿಸಿದ್ರೆ ದೇವರು ಮೆಚ್ಚುವನಾ? ನನ್ನ ಮನೆಯ ಅತಿ ಒಳ್ಳೆ ಹುಂಜವನ್ನೇ ಇಟ್ಟೆ."

"ಆ ಕೋಳಿ ಎಲ್ಲಿ?"

"ತುಕ್ರಪ್ಪನ ಒಲೆಗೆ ಹಾಕಿದೆ. ಈಗ ಬೂದಿ ಕೂಡ ತಣಿದಿರ್ತದೆ."

ಶ್ರೇಯಾಂಸಕುಮಾರನಿಗೆ ಅಳು ಬಂತು. ಆದರೂ ಡೊಂಬಯ್ಯನ ಮುಖ ನೋಡಿ ಬೈಯಲು ಮನಸ್ಸಾಗಲಿಲ್ಲ. "ಸರ್, ಇವನನ್ನೇ ಕೇಳಿ, ರೋಗ ಉಂಟು!" ಎಂದ.

"ಏನಪ್ಪಾ, ನಿಮ್ಮೂರಲ್ಲಿ ಕೋಳಿಗೆ ರೋಗ ಇದೆಯಾ?" ದೊಡ್ಡ ಡಾಕ್ಟರು ಕೇಳಿದರು.

ಡೊಂಬಯ್ಯ ನೆಟ್ಟಗೆ ನಿಂತು, ಊರಿನ ಮಾನ ಕಾಯುವವನಂತೆ, ಶಾಲೆಯ ಕನ್ನಡದಲ್ಲಿ ಸ್ಪಷ್ಟವಾಗಿ ಉತ್ತರಿಸಿದ: "ಇಲ್ಲ ಸ್ವಾಮಿ. ಒಂದೇ ಒಂದು ಕೋಳಿಗೂ ಇಲ್ಲ."

ದೊಡ್ಡ ಡಾಕ್ಟರು ಮಾತಿಗೆ ತಪ್ಪುವವರಲ್ಲ. ಮರುವರ್ಷ ಪ್ರಬಂಧ ಅಚ್ಚಾಯಿತು. ಶ್ರೇಯಾಂಸಕುಮಾರನ ಹೆಸರು ಎಲ್ಲಕ್ಕಿಂತ ಮೊದಲಿತ್ತು. ಅದರ ಕೆಳಗೆ, "ಬೆಳ್ತಂಗಡಿ ಸೀಮೆಯಲ್ಲಿ ಈ ರೋಗವಿಲ್ಲವೆಂದು ಇವರು ಮನೆಮನೆ ಸುತ್ತಿ ಸಾಬೀತುಪಡಿಸಿದ್ದಾರೆ" ಎಂದಿತ್ತು. ಆ ವಾಕ್ಯವನ್ನು ಈವರೆಗೆ ಹನ್ನೊಂದು ಮಂದಿ ವಿದ್ವಾಂಸರು ತಮ್ಮ ಪ್ರಬಂಧಗಳಲ್ಲಿ ಗೌರವದಿಂದ ಉಲ್ಲೇಖಿಸಿದ್ದಾರೆ.