ಕಸ್ಟಾಲ್ಡೊ ಸ್ಟೀಕ್‌ಹೌಸಿನ ಗೊಜ್ಜಿನ ಕೊಪ್ಪರಿಗೆಗೆ

ಮಾನ್ಯ ಕೊಪ್ಪರಿಗೆಯವರೇ,

ದಕ್ಷಿಣ ಒಮಾಹಾದ ಕಸ್ಟಾಲ್ಡೊ ಸ್ಟೀಕ್‌ಹೌಸಿನ ಅಡುಗೆಮನೆಯಲ್ಲಿ, ಹಿಂಬದಿಯ ಒಲೆಯ ಮೇಲೆ ಮೂರು ತಲೆಮಾರುಗಳಿಂದ ಕೆಳಗಿಳಿಯದೆ ವಿರಾಜಮಾನರಾಗಿರುವ ತಮ್ಮ ಸನ್ನಿಧಿಗೆ, ಅದೇ ಬೀದಿಯ ನಿವಾಸಿಯೂ ದನದ ಮಂಡಿಯ ನಿವೃತ್ತ ಖರೀದಿದಾರನೂ ಆದ ಎಮಿಲ್ ಹ್ರೂಷ್ಕಾ ಮಾಡುವ ವಂದನೆಗಳು. ಪಾತ್ರೆಗೂ ಪತ್ರವೇ ಎಂದು ಈ ಪತ್ರಿಕೆಯ ಓದುಗರು ನಗಬಾರದು. ನನ್ನ ದೂರಿಗೆ ಹೊಣೆ ಯಾರೆಂದು ಮೊದಲು ಮಾಲೀಕರಾದ ಅಸುಂತಾ ಅವರನ್ನೇ ಕೇಳಿದೆ, ಅವರು ಅಡುಗೆಯ ನಿನೋನನ್ನು ಕೇಳಿ ಎಂದರು, ನಿನೋ ಸೌಟು ಎತ್ತಿ ತಮ್ಮತ್ತ ತೋರಿಸಿದ.

ತಮ್ಮ ದೀರ್ಘಾಯುಷ್ಯವನ್ನು ಮೊದಲು ಕೊಂಡಾಡಬೇಕು. ಮಂಡಿ ಮುಚ್ಚಿತು, ಮಾಂಸದ ಕಾರ್ಖಾನೆಗಳು ಹೋದವು, ಮೂಲೆಯ ಬ್ಯಾಂಕು ಚಪ್ಪಲಿ ಅಂಗಡಿಯಾಗಿ ಮತ್ತೆ ಬ್ಯಾಂಕಾಯಿತು. ತಾವು ಮಾತ್ರ ಕುದಿಯುತ್ತಲೇ ಇದ್ದೀರಿ. ಬೂಟಿಗೆ ಸಗಣಿ ಮೆತ್ತಿಕೊಂಡೇ ಬಂದು ಕೂರುತ್ತಿದ್ದ ನನ್ನಪ್ಪನಿಗೂ ಆಮೇಲೆ ನನಗೂ ಸಿಕ್ಕಿದ್ದು ಒಂದೇ ಊಟ: ತಟ್ಟೆಯ ತುಂಬ ದನದ ಮಾಂಸದ ಸ್ಟೀಕು, ಪಕ್ಕದಲ್ಲಿ ಕೇಳದೆಯೇ ಬರುವ ಸ್ಪಾಗೆಟ್ಟಿ, ಅದರ ಮೇಲೆ ತಮ್ಮ ಕೆಂಪು ಗೊಜ್ಜು. ಸ್ಪಾಗೆಟ್ಟಿ ಬೇಡವೆಂದ ವಕೀಲರೊಬ್ಬರನ್ನು ಅಸುಂತಾ ಅವರ ಅಜ್ಜಿ, ಮೈಯಲ್ಲಿ ಹುಷಾರಿಲ್ಲವೇನೋ ಎಂದು ಮರುಗಿ, ಊಟ ಕೊಡದೆ ಮನೆಗೆ ಕಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಈಗ ದೂರು. ನನ್ನ ಮಗಳು ಲಿಬ್ಬಿ ಮಾಂಸ ಬಿಟ್ಟವಳು. ಅಪ್ಪನ ಸಂಬಳ ಎಲ್ಲಿಂದ ಬರುತ್ತದೆಂದು ತಿಳಿಯುವ ವಯಸ್ಸಿಗೆ ಬಿಟ್ಟಳು, ಅದರ ಜೊತೆಗೆ ನನ್ನ ಮನೆಯನ್ನೂ ಬಿಟ್ಟಳು. ಬಹುವರ್ಷಗಳ ಮೌನದ ಬಳಿಕ ನಾವು ಕಂಡುಕೊಂಡ ಒಪ್ಪಂದವೆಂದರೆ ಗುರುವಾರ ಸಂಜೆ ತಮ್ಮ ಹೋಟೆಲು: ನನಗೆ ಸ್ಟೀಕು, ಅವಳಿಗೆ ನನ್ನ ಪಾಲಿನದೂ ಸೇರಿ ಸ್ಪಾಗೆಟ್ಟಿ. ನಗರಸಭೆಯನ್ನು ಒಟ್ಟಿಗೆ ಬೈಯುವಷ್ಟು ಸ್ನೇಹ ನಮ್ಮಲ್ಲಿ ಬೆಳೆದಿತ್ತು.

ಕಳೆದ ತಿಂಗಳು ಪಕ್ಕದ ಮೇಜಿನ ಹೆಂಗಸೊಬ್ಬರು ಗೊಜ್ಜಿನ ಗುಟ್ಟೇನೆಂದು ಕೇಳಿದರು. ಹೊಗಳಿಕೆಗೆ ಎಂದೂ ಬಗ್ಗದ ಅಸುಂತಾ ಅವರು ಅಂದು ಬಗ್ಗಿದರು. "ಮೂಳೆ ಕಣಮ್ಮ. ಬೆಳಗ್ಗೆಯಿಂದ ಒಳಗೇ ಬೇಯ್ತಿರುತ್ತೆ. ಮೂಳೆ ಇಲ್ದೆ ಅದೆಂಥ ಗೊಜ್ಜು?" ಲಿಬ್ಬಿ ಫೋರ್ಕು ಕೆಳಗಿಟ್ಟಳು. ಅದೇಕೆಂದು ಅಸುಂತಾ ಅವರಿಗೆ ಅರ್ಥವೇ ಆಗಲಿಲ್ಲ. "ನಿನ್ನ ತಟ್ಟೇಲಿ ಮಾಂಸ ಎಲ್ಲಿದೆ ತೋರ್ಸು ಮಗಳೇ. ಎಲ್ಲಾ ತೆಗೆದೇ ಬಡಿಸ್ತೀವಲ್ಲ." ಲಿಬ್ಬಿ ನನ್ನತ್ತ ತಿರುಗಿದಳು. ನನ್ನನ್ನು ನೋಡಿ, "ನಿಂಗೆ ಗೊತ್ತಿತ್ತು, ಅಲ್ವಾ ಅಪ್ಪ" ಎಂದಳು, ಎದ್ದು ಹೋದಳು. ಅಂದಿನಿಂದ ಫೋನು ಎತ್ತಿಲ್ಲ.

ಮಾನ್ಯರೇ, ನನಗೆ ಗೊತ್ತಿರಲಿಲ್ಲ. ಬೇಲಿಯಾಚೆ ನಡೆಯುವ ಹೋರಿಯನ್ನು ನೋಡಿಯೇ ಒಳಗಿನ ಮಾಂಸದ ತೂಕ ಹೇಳುತ್ತಿದ್ದವನಿಗೆ ತನ್ನ ತಟ್ಟೆಯಲ್ಲಿನ ಮೂಳೆಯ ರಸ ತಿಳಿಯಲಿಲ್ಲವೆಂದರೆ ಯಾರು ನಂಬುತ್ತಾರೆ? ಆದರೆ ಹಾಲುಹಲ್ಲಿನ ಕಾಲದಿಂದ ತಮ್ಮ ಗೊಜ್ಜನ್ನೇ ತಿಂದ ನಾನು, ಟೊಮೆಟೊದ ರುಚಿಯೇ ಅದೆಂದು ತಿಳಿದಿದ್ದೆ. ಮೊನ್ನೆ ಮನೆಯಲ್ಲಿ ಬರೀ ಟೊಮೆಟೊ ಬೇಯಿಸಿ ನೋಡಿದೆ. ಹಣ್ಣು ಕೆಟ್ಟಿದೆಯೆಂದು ಅಂಗಡಿಯವನೊಡನೆ ಜಗಳವಾಡಿ ಬಂದೆ.

ಆದಕಾರಣ ತಾವು ದಯಮಾಡಿ ಒಲೆಯಿಂದಿಳಿದು, ಲಿಬ್ಬಿಯ ಮನೆಬಾಗಿಲಿಗೆ ಹೋಗಿ, ಅವಳಪ್ಪ ಮೋಸಗಾರನಲ್ಲ, ಬರೀ ದಡ್ಡ ಎಂದು ಸಾಕ್ಷಿ ನುಡಿಯಬೇಕು. ಆಗದಿದ್ದರೆ ಒಂದೇ ಒಂದು ಗುರುವಾರ ಮೂಳೆಯಿಲ್ಲದೆ ಕುದಿಯಬೇಕು. ಅದಕ್ಕಾಗಿ ತಮ್ಮನ್ನು ತಳದವರೆಗೆ ತಿಕ್ಕಿ ತೊಳೆಯಬೇಕಾದೀತೆಂದು ಕೇಳಿದ್ದೇ ಅಸುಂತಾ ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಇಂಥ ಮಾತಾಡುವವನ ಅಪ್ಪ ಸತ್ತದ್ದೇ ಒಳ್ಳೆಯದಾಯಿತು ಎಂದೂ ಹೇಳಿದರು.

ಸರಿ. ಈ ಗುರುವಾರ ಆರು ಗಂಟೆಗೆ ನಾನು ನಮ್ಮ ಮೇಜಿನಲ್ಲಿ ಕೂತಿರುತ್ತೇನೆ. ಸ್ಟೀಕು ತರಿಸುವುದಿಲ್ಲ. ಇಬ್ಬರಿಗೂ ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ, ಅಷ್ಟೇ. ಲಿಬ್ಬಿ ಫೋನು ಎತ್ತದಿದ್ದರೂ ಈ ಪತ್ರಿಕೆ ಓದುತ್ತಾಳೆ.

ಇಷ್ಟೆಲ್ಲ ಆದ ಮೇಲೂ,
ತಮ್ಮ ವಿಶ್ವಾಸಿ,
ಎಮಿಲ್ ಹ್ರೂಷ್ಕಾ

ಮರೆತ ಮಾತು: ಅಲ್ಲಿನ ಆಲೂಗಡ್ಡೆಯ ಸಿಪ್ಪೆ ಅಷ್ಟೊಂದು ಹೊಳೆಯುವುದು ಏತಕ್ಕೆಂದು ಈಗಷ್ಟೇ ವಿಚಾರಿಸಿದೆ. "ಏನಿಲ್ಲ ಎಮಿಲ್, ಸ್ವಲ್ಪ ದನದ ಕೊಬ್ಬು ಸವರ್ತೀವಿ, ಅಷ್ಟೆ" ಎಂದರು ಅಸುಂತಾ. ಲಿಬ್ಬಿ, ಆಲೂಗಡ್ಡೆಯನ್ನು ನಾನೇ ಮನೆಯಲ್ಲಿ ಬೇಯಿಸಿ ಜೇಬಿನಲ್ಲಿಟ್ಟುಕೊಂಡು ಬರುತ್ತೇನೆ. ಉಪ್ಪನ್ನು ಮಾತ್ರ ಅವರದನ್ನೇ ನಂಬೋಣ.