ಗೋಂದು, ರಾಹುಕಾಲ ಮತ್ತು ಕಾರಿನ ಬಲಬಾಗಿಲು

ನಮ್ಮ ಮನೆಯಲ್ಲಿ ಮುರಿದದ್ದನ್ನು ಅಂಟಿಸುವ ಖಾತೆ ನನ್ನದು. ಬಕೆಟ್ಟಿನ ಹಿಡಿ, ಮಿಕ್ಸಿಯ ಮುಚ್ಚಳ, ಅತ್ತೆಯವರ ಕನ್ನಡಕದ ಕಡ್ಡಿ, ಎಲ್ಲವೂ ನನ್ನ ಕೈಯಲ್ಲಿ ಮರುಜನ್ಮ ಪಡೆದಿವೆ. ಆದ್ದರಿಂದ ಆ ಬುಧವಾರ ನಮ್ಮ ಕಾರಿನ ಬಲಬಾಗಿಲ ಮೇಲಿದ್ದ ಕಪ್ಪು ಪಟ್ಟಿ ಕಿತ್ತುಕೊಂಡು ನೇತಾಡಿದಾಗ ನಾನು ಕಿಂಚಿತ್ತೂ ಹೆದರಲಿಲ್ಲ. ಅರ್ಧ ಗಂಟೆಯ ಕೆಲಸ ಎಂದುಕೊಂಡೆ.

ಕಿತ್ತವಳೂ ನಾನೇ. ಲೈಸೆನ್ಸ್ ಬಂದು ಎರಡು ತಿಂಗಳಾಗಿತ್ತು. ಬೀದಿಯಲ್ಲಿ ಒಂದು ಸುತ್ತು ಹೋಗಿ ಗೇಟಿನೊಳಗೆ ಬರುತ್ತಿದ್ದೆ. ‘ಎಡಗಡೆ ನೋಡಿ ಮೇಡಂ, ಎಡಗಡೆ’ ಎಂದು ಡ್ರೈವಿಂಗ್ ಸ್ಕೂಲಿನವರು ಬಾಯಿಪಾಠ ಮಾಡಿಸಿದ್ದರು. ನೋಡಿದೆ. ಎಡಗಡೆ ಒಂದು ಗೀರೂ ಬೀಳಲಿಲ್ಲ! ಗೇಟಿನ ಕಂಬ ಬಲಗಡೆ ಇತ್ತು.

ಸಂಗತಿ ಗಂಭೀರವಾಗಿತ್ತು. ಭಾನುವಾರ ಗುಮ್ಮಳಾಪುರದಲ್ಲಿ, ಅತ್ತೆಯವರ ತವರಿನಲ್ಲಿ, ಗೃಹಪ್ರವೇಶ. ಯಜಮಾನರಿಗೆ ಅಂದೇ ಫ್ಯಾಕ್ಟರಿಯಲ್ಲಿ ಡ್ಯೂಟಿ. ಅತ್ತೆಯವರನ್ನು ನಾನೇ ಕಾರಿನಲ್ಲಿ ಕರೆದೊಯ್ಯುತ್ತೇನೆಂದು ಎರಡು ವಾರ ಗೋಗರೆದು ಕೀ ಪಡೆದಿದ್ದೆ. ಈ ಮನುಷ್ಯ ಕಾರಿನ ಮೇಲೆ ಗುಬ್ಬಿ ಕೂತರೂ ಎದ್ದುಹೋಗಿ ಓಡಿಸುವವರು. ಮೊದಲ ಶಿಫ್ಟ್ ಮುಗಿಸಿ ಮೂರಕ್ಕೆ ಬಂದು ಈ ಪಟ್ಟಿ ನೋಡಿದರೆ ಕೀ ಮತ್ತೆ ಅವರ ಜೇಬಿಗೆ, ನಾವಿಬ್ಬರೂ ಬಸ್ಸಿಗೆ!

“ಬಸ್ಸಲ್ಲಿ ನಾನ್ ಬರಾಕಿಲ್ಲ,” ಎಂದರು ಅತ್ತೆ. “ಕಾರಲ್ಲಿ ಬತ್ತೀನಿ ಅಂತ ಊರಿಗೆಲ್ಲಾ ಫೋನ್ ಮಾಡ್ಬುಟ್ಟಿವ್ನಿ. ಏನ್ ಮಾಡ್ತೀಯೋ ಮಾಡು, ಅವ್ನು ಬರೋದ್ರೊಳಗೆ ಅಂಟ್ಸು.”

ಹಾರ್ಡ್‌ವೇರ್ ಅಂಗಡಿಯ ತಮಿಳಿನ ತಮ್ಮ ಎರಡು ಟ್ಯೂಬು ಕೊಟ್ಟ. ಜೊತೆಗೆ ತುರ್ತಿಗೆ ಇರಲಿ ಎಂದು ಒಂದು ಪುಟ್ಟ ಟ್ಯೂಬ್ ಬೇರೆ, ಮುಟ್ಟಿದ ಕ್ಷಣ ಹಿಡಿಯುವ ಗೋಂದು. “ಅಕ್ಕಾ, ಈ ಎರಡನ್ನೂ ಸಮಸಮ ಕಲ್ಸಿ ಉಡನೇ, ತಕ್ಷಣ, ಹಚ್ಬುಡಿ. ಲೇಟಾದ್ರೆ ಕಲ್ಲು!”

ತೆಂಗಿನ ಚಿಪ್ಪಿನಲ್ಲಿ ಎರಡನ್ನೂ ಹಿಂಡಿ, ಒಗ್ಗರಣೆ ಡಬ್ಬಿಯ ಚಮಚದಿಂದ ಶ್ರದ್ಧೆಯಾಗಿ ಕಲೆಸಿದೆ. ಬಣ್ಣ ಹದವಾಗಿ ಬಂತು. ಪಟ್ಟಿ ಕೈಗೆತ್ತಿಕೊಂಡೆ.

“ನಿಲ್ಸಮ್ಮಿ!” ಒಳಗಿನಿಂದ ಅತ್ತೆ ಓಡಿಬಂದರು. ಕೈಯಲ್ಲಿ ಕ್ಯಾಲೆಂಡರಿನ ದಿನದ ಹಾಳೆ. ನಮ್ಮದು ಗಡಿಯೂರು, ಅದು ತಮಿಳಿನದು, ಅವರಿಗೆ ತಮಿಳು ಓದಲು ಬಾರದು; ಆದರೆ ರಾಹುಕಾಲದ ಅಂಕಿ ಮಾತ್ರ ಎಲ್ಲಿದ್ದರೂ ಕಾಣುತ್ತದೆ. “ಹನ್ನೆರಡು ಹೊಡೀತು. ಒಂದೂವರೆ ಗಂಟ ರಾವುಕಾಲ. ಆಗ ಮುಟ್ಟಿದ್ದು ಯಾವ್ದೂ ನೆಟ್ಗಾಗಾಕಿಲ್ಲ.”

“ಕಲೆಸಿಬಿಟ್ಟಿದ್ದೀನಿ ಅತ್ತೆ. ಕೆಲಸ ಹನ್ನೆರಡಕ್ಕೆ ಮೊದಲೇ ಶುರುವಾಗಿದೆ.”

“ಕಲ್ಸೋದು ಕೆಲ್ಸ ಅಲ್ಲ ಕಣಮ್ಮಿ. ಅಂಟ್ಸೋದು ಕೆಲ್ಸ.”

“ಮುದ್ದೆ ಮಾಡೋವಾಗ ಹಿಟ್ಟು ತೊಳಸೋದೂ ಅಡುಗೆ ಅಲ್ವಾ?”

“ತೊಳ್ಸಿ ಬುಟ್ರೆ ಯಾರಾನ ಉಣ್ತಾರಾ? ಉಂಡ್ರೆ ಊಟ.”

ಹೀಗೆ ಶಾಸ್ತ್ರಾರ್ಥ ಸುಮಾರು ಹೊತ್ತು ನಡೆಯಿತು. ಹಿರಿಯರ ಮಾತು, ಅದೂ ಅವರ ತವರಿನ ಪ್ರಯಾಣ. ನಾನು ಸೋತು ಒಳಗೆ ಹೋಗಿ ಹುಳಿ ಕುದಿಸಿದೆ.

ಒಂದೂವರೆಗೆ ಸರಿಯಾಗಿ ಬಂದು ಚಮಚ ಎತ್ತಿದೆ. ಚಿಪ್ಪೂ ಜೊತೆಗೇ ಎದ್ದುಬಂತು. ಅಲ್ಲಾಡಿಸಿದೆ. ಗೋಡೆಗೆ ಕುಟ್ಟಿದೆ. ಚಿಪ್ಪು ಒಡೆಯಿತು, ಗೋಂದು ಒಡೆಯಲಿಲ್ಲ! ಇಷ್ಟು ಗಟ್ಟಿಯಾಗಿ ನಾನು ಜೀವಮಾನದಲ್ಲಿ ಏನನ್ನೂ ಅಂಟಿಸಿರಲಿಲ್ಲ.

ಈ ಗುದ್ದಾಟದಲ್ಲಿ ಎರಡೂವರೆ ದಾಟಿತು. ಉಳಿದದ್ದು ಪುಟ್ಟ ಟ್ಯೂಬ್. ಪಟ್ಟಿಯುದ್ದಕ್ಕೂ ಸುರಿದೆ. “ಇಂಗಿಡು, ಇಂಗಿಡು, ವಸಿ ಹಿಂದ್ಕೆ,” ಎಂದು ಅತ್ತೆ ದೂರದಿಂದ ಅಳತೆ ಹೇಳಿದರು. ಹಿಂದಕ್ಕೆ ಇಟ್ಟು, ಮೈಭಾರವನ್ನೆಲ್ಲ ಹಾಕಿ, ಮನಸ್ಸಿನಲ್ಲೇ ನೂರೆಂಟು ಎಣಿಸಿ ಒತ್ತಿದೆ. ಹಿಡಿಯಿತು!

ಸಂತೋಷದಿಂದ ಹಿಂದೆ ಸರಿದೆ. ಸರಿಯಲಾಗಲಿಲ್ಲ. ನೈಟಿಯ ಮೇಲೆ ಹೊದ್ದಿದ್ದ ಟವೆಲಿನ ಚುಂಗು ಪಟ್ಟಿಯ ಕೆಳಗೆ ಸೇರಿಹೋಗಿತ್ತು. ಎಳೆದೆ. ಟವೆಲೂ ಬರಲಿಲ್ಲ, ಪಟ್ಟಿಯೂ ಬರಲಿಲ್ಲ. ಟವೆಲು ಕಳಚಿಟ್ಟು ಕೊಂಚ ದೂರ ನಿಂತು ನೋಡಿದೆ. ಪಟ್ಟಿ ಮುಂದಿನ ಬಾಗಿಲಿನಿಂದ ಹೊರಟು, ಸಂದು ದಾಟಿ, ಹಿಂದಿನ ಬಾಗಿಲನ್ನು ನಾಲ್ಕು ಬೆರಳು ಅಪ್ಪಿಕೊಂಡಿತ್ತು. ಎರಡು ಬಾಗಿಲೂ ಅಲ್ಲಾಡದು!

ಗಂಟೆ ಮೂರಕ್ಕೆ ಐದು ನಿಮಿಷ. ಬೀದಿ ತುದಿಯಲ್ಲಿ ಕಂಪನಿ ಬಸ್ಸು ನಿಂತ ಸದ್ದು.

ಅತ್ತೆ ಎದೆಗುಂದಲಿಲ್ಲ. ಹಿಂಡಿ ಇಟ್ಟಿದ್ದ ಒದ್ದೆ ಬಟ್ಟೆಗಳನ್ನು ಬಕೆಟ್ ಸಮೇತ ತಂದು, ಎರಡು ಸೀರೆ, ಒಂದು ದುಪ್ಪಟಿ, ಮಗನದೇ ಯೂನಿಫಾರಂ, ಎಲ್ಲವನ್ನೂ ಕಾರಿನ ಮೇಲೆ ಹರವಿದರು. “ಟವಲೊಂದೇ ಇದ್ರೆ ಗುಮಾನಿ ಬತ್ತದೆ. ಈಗ ನೋಡು!”

ಯಜಮಾನರು ಗೇಟಿನಲ್ಲೇ ನಿಂತರು. “ಏನಮ್ಮಾ ಇದು? ನನ್ನ ಕಾರು!”

“ಒಳ್ಳೆ ಬಿಸ್ಲು ಬೀಳ್ತದೆ ಕಣ್ಲಾ ಅಲ್ಲಿ.”

ಅವರು ಒಂದೊಂದೇ ಬಟ್ಟೆ ತೆಗೆದು ನನ್ನ ಹೆಗಲಿಗೆ ಹಾಕತೊಡಗಿದರು. ಸೀರೆ ಬಂತು. ದುಪ್ಪಟಿ ಬಂತು. ಯೂನಿಫಾರಂ ಬಂತು. ಟವೆಲು ಬರಲಿಲ್ಲ. ಬಗ್ಗಿ ನೋಡಿದರು. ಡ್ರೈವರ್ ಬಾಗಿಲು ಎಳೆದರು. ಹಿಂದಿನದನ್ನೂ ಎಳೆದರು. ಆಮೇಲೆ ನನ್ನನ್ನು ನೋಡಿದರು. ಹುಳಿ ಬಿಸಿ ಮಾಡಲೇ ಎಂದು ಕೇಳಿದೆ.

ಸಂಜೆ ಬಂದ ಮೆಕ್ಯಾನಿಕ್, ಎಳೆದರೆ ಪೇಂಟೆಲ್ಲ ಬರುತ್ತದೆ, ಸೋಮವಾರ ಶೆಡ್ಡಿಗೆ ತನ್ನಿ ಎಂದು ಟವೆಲನ್ನಷ್ಟೇ ಕತ್ತರಿಸಿ ಕೊಟ್ಟು ಹೋದ.

“ಕೀ ಕೊಡು,” ಎಂದರು ಯಜಮಾನರು.

“ಕೊಡ್ಬೇಡ ಕಣಮ್ಮಿ!” ಅತ್ತೆ ಅಡ್ಡ ಬಂದರು. “ಗೇಟಿನ ಕಂಬ ಅಲ್ಲಿ ಕಟ್ಸಿದ್ದು ಯಾರ್ಲಾ? ನೀನೇ ತಾನೇ? ನಾನ್ ಕಾರಲ್ಲೇ ಹೋಗೋದು.”

ಯಜಮಾನರು ಕಂಬವನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿ ಉಸಿರುಬಿಟ್ಟರು. “ಓಡ್ಸೋದು ಓಡ್ಸು. ಅಂಟ್ಸೋದು ಮಾತ್ರ ಬೇಡ.”

ಗೆದ್ದೆ!

ಭಾನುವಾರ ಗುಮ್ಮಳಾಪುರದಲ್ಲಿ ಚಪ್ಪರದ ಮುಂದೆ ಕಾರು ನಿಲ್ಲಿಸಿದಾಗ ತವರಿನವರೆಲ್ಲ ಹೊರಗೆ ಬಂದರು. ಕಾರು ಓಡಿಸುವ ಸೊಸೆಯನ್ನು ನೋಡಲು ಎಲ್ಲರ ಕಣ್ಣೂ ಬಲಬಾಗಿಲ ಮೇಲೆ. ಅದು ತೆರೆಯಲಿಲ್ಲ. ಎಡಗಡೆಯಿಂದ ಅತ್ತೆ ಗತ್ತಿನಿಂದ ಇಳಿದರು. ಅವರ ಹಿಂದೆ ನಾನು, ರೇಷ್ಮೆ ಸೀರೆ ಎತ್ತಿ ಕಟ್ಟಿ, ಗೇರ್ ದಾಟಿ, ಸೀಟಿನ ಮೇಲೆ ಮಂಡಿಯೂರಿ, ಹಿಮ್ಮುಖವಾಗಿ ತೆವಳುತ್ತ ಬಂದೆ. ಮೊದಲು ಹೊರಬಂದದ್ದು ಮುಖವಲ್ಲ!

“ಓಡ್ಸಿದ್ದು ಇವ್ಳೇ ಏನಮ್ಮಿ?” ಎಂದು ಅತ್ತೆಯ ಅಣ್ಣ ಕೇಳಿದ್ದು ಕೇಳಿಸಿತು. “ಮತ್ಯಾಕೆ ಕೋಳಿಗೂಡಿಂದ ಬರೋವ್ಳಂಗೆ ಬತ್ತಾವ್ಳೆ?”

“ಹೊಸಾ ಮಾಡೆಲ್ಲು ಕಣಣ್ಣಾ,” ಎಂದರು ಅತ್ತೆ, ಕಣ್ಣು ಮಿಟುಕಿಸದೆ. “ಇದ್ರಲ್ಲಿ ಡ್ರೈವರು ಹಿಂಗೇ ಇಳ್ಯೋದು.”

ಎಲ್ಲರೂ ಗೌರವದಿಂದ ತಲೆದೂಗಿದರಂತೆ. ನಾನು ನೋಡಲಿಲ್ಲ. ನನ್ನ ಬೆನ್ನು ಇನ್ನೂ ಅವರ ಕಡೆಗಿತ್ತು.