ಮೂರು ನಲ್ಲಿ, ಒಂದು ತೊಟ್ಟಿ ಮತ್ತು ನನ್ನ ಡಾಂಗಲ್

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ಗಣಿತದ ಮೇಷ್ಟ್ರಾಗಿ ನಾನು ಇಪ್ಪತ್ತು ವರ್ಷಕ್ಕೂ ಮೇಲೆ ನಲ್ಲಿ ಲೆಕ್ಕ ಹೇಳಿಕೊಟ್ಟಿದ್ದೇನೆ. ಒಂದು ತೊಟ್ಟಿ, ಮೂರು ನಲ್ಲಿ. ಮೂರನ್ನೂ ಒಟ್ಟಿಗೆ ತಿರುಗಿಸಿದರೆ ತೊಟ್ಟಿ ಎಷ್ಟು ಹೊತ್ತಿಗೆ ತುಂಬುತ್ತದೆ? ಆದರೆ ಮೂರು ನಲ್ಲಿಯಿಂದ ತುಂಬುವ ತೊಟ್ಟಿಯನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಹುಣಸೂರಿನ ನಮ್ಮ ಬಾಡಿಗೆ ಮನೆಗೆ ಇದ್ದದ್ದು ಒಂದೇ ನಲ್ಲಿ. ಅದೂ ದಿನ ಬಿಟ್ಟು ದಿನ ಕೆಮ್ಮುತ್ತಿತ್ತು. ಅದರ ಕೆಳಗೆ ಬಿಂದಿಗೆ ಇಟ್ಟು ಕಾಯುವಾಗ ನನ್ನ ಹೆಂಡತಿ, "ಏನ್ರೀ, ನಿಮ್ಮ ಲೆಕ್ಕದ ಪ್ರಕಾರ ಇದು ಯಾವಾಗ ತುಂಬಬೇಕು?" ಎಂದು ಕೇಳುತ್ತಿದ್ದಳು. ನಾನು ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದೆ.

ಆಗ ಡಾಂಗಲ್ ಎಂಬುದು ನಮ್ಮ ಕಡೆಗೆ ಹೊಸತು. ಬೆರಳುದ್ದದ ಆ ವಸ್ತುವನ್ನು ಕಂಪ್ಯೂಟರಿಗೆ ಚುಚ್ಚಿದರೆ ಸಾಕು, ತಂತಿಯ ಹಂಗಿಲ್ಲದೆ ಇಂಟರ್‌ನೆಟ್ಟು ಬರುತ್ತದೆ ಎಂದು ಕೇಳಿ ನಾನು ಮೂರು ವಾರ ಅಂಗಡಿ ಅಂಗಡಿ ಸುತ್ತಿದೆ. ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು, ಗುಣದೋಷ ತೂಗಿ ಒಂದನ್ನು ಆರಿಸಿದೆ. ಸ್ಟಾಫ್ ರೂಮಿನಲ್ಲಿ ಅದರ ಬಗ್ಗೆ ಒಂದು ಪೀರಿಯಡ್ಡಿನಷ್ಟು ಭಾಷಣವನ್ನೂ ಬಿಗಿದೆ. ಪಿ.ಟಿ. ಮೇಷ್ಟ್ರು ರಾಜಣ್ಣ ಅಂಗಡಿಯವನು ಕೈಗೆ ಕೊಟ್ಟದ್ದನ್ನು ಜೇಬಿಗೆ ಹಾಕಿಕೊಂಡು ಬಂದಿದ್ದರು. ಹಿಂದಿ ಟೀಚರ್ ಸರಳಾ ಅವರದು ಅವರ ತಮ್ಮ ಉಪಯೋಗಿಸಿ ಬಿಟ್ಟದ್ದು. ಇಬ್ಬರನ್ನೂ ಕಂಡು ನನಗೆ ಒಳಗೊಳಗೇ ಮರುಕವಾಗುತ್ತಿತ್ತು.

ನಮ್ಮ ಹೈಸ್ಕೂಲು ಕಟ್ಟೆಮಳಲವಾಡಿಯ ಕಡೆ, ಕಾಲುವೆ ನೀರಿನ ಗದ್ದೆಗಳ ಮಗ್ಗುಲಲ್ಲಿತ್ತು. ಆ ವರ್ಷ ಹತ್ತನೇ ತರಗತಿಯ ಅರವತ್ತು ಮಕ್ಕಳ ಫೋಟೊಗಳನ್ನು ಒಂದು ಶನಿವಾರ ಸಂಜೆ ಐದರೊಳಗೆ ಮೇಲಿನ ಆಫೀಸಿಗೆ ಮೇಲ್ ಮಾಡಬೇಕೆಂದು ಆದೇಶ ಬಂತು. ಕೈಯಲ್ಲಿ ತಂದರೆ ತೆಗೆದುಕೊಳ್ಳುವುದಿಲ್ಲ. ಫೋಟೊ ತಲುಪದ ಮಕ್ಕಳು ಆ ಸಲ ಪರೀಕ್ಷೆಗೆ ಕೂರುವಂತಿಲ್ಲ. ಸಾಲದ್ದಕ್ಕೆ ಅಂದು ಹುಣಸೂರಿನಲ್ಲಿ ಇಡೀ ದಿನ ಕರೆಂಟಿಲ್ಲ, ಸೈಬರ್ ಅಂಗಡಿಗಳೆಲ್ಲ ಬಂದ್; ಪುಣ್ಯಕ್ಕೆ ನಮ್ಮ ಶಾಲೆಯ ಕಡೆ ಕರೆಂಟಿತ್ತು. ಹೆಡ್‌ಮಾಸ್ಟರು ರಜೆ. "ನಾನಿದ್ದೀನಲ್ಲ, ಬಿಡಿ" ಎಂದವನು ನಾನೇ.

ಸ್ಟುಡಿಯೊದವನು ಒಂದೊಂದು ಫೋಟೊವನ್ನೂ ಗೋಡೆಗೆ ತೂಗುಹಾಕುವ ಗಾತ್ರದಲ್ಲಿ ತೆಗೆದಿದ್ದ. ಅವನ್ನು ಚಿಕ್ಕದು ಮಾಡುವುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಎಂದು ಹೇಳಿಕೊಂಡಿದ್ದವನು ನಾನೊಬ್ಬನೇ. ಹನ್ನೆರಡು ಗಂಟೆಗೆ ಮೂರು ಡಾಂಗಲ್ಲುಗಳನ್ನೂ ಒಂದೇ ಕಂಪ್ಯೂಟರಿಗೆ ಚುಚ್ಚಿ ನೋಡಿದೆ. ಅದು ಒಂದನ್ನು ಮಾತ್ರ ಹಿಡಿದುಕೊಂಡು ಉಳಿದೆರಡನ್ನು ಮೂಸಿಯೂ ನೋಡಲಿಲ್ಲ. ಆಗ ತಲೆಗೆ ಹೊಳೆಯಿತು ನಲ್ಲಿ ಲೆಕ್ಕ! ಶಾಲೆಯಲ್ಲಿ ಮೂರು ಕಂಪ್ಯೂಟರುಗಳಿದ್ದವು. ಒಂದೊಂದಕ್ಕೆ ಒಂದೊಂದು ಡಾಂಗಲ್, ಹಾಜರಿ ಪುಸ್ತಕದ ಕ್ರಮದಲ್ಲಿ ಇಪ್ಪತ್ತಿಪ್ಪತ್ತು ಫೋಟೊ. ಅಕಾರದಿಂದ ಶುರುವಾದ ಮೊದಲ ಪಾಲು ರಾಜಣ್ಣನವರಿಗೆ, ನಡುವಿನದು ಸರಳಾ ಅವರಿಗೆ, ಕೊನೆಯದು ನನಗೆ. ಬೋರ್ಡಿನ ಮೇಲೆ ಭಾಗಾಕಾರವನ್ನೂ ಬರೆದು ಕೈಯ ಸೀಮೆಸುಣ್ಣ ಕೊಡವಿದೆ.

ಎರಡೂವರೆಗೆ ಬಾಗಿಲಲ್ಲಿ ಕಾಳಯ್ಯ ಕಾಣಿಸಿಕೊಂಡರು. ಊರಿನ ನೀರುಗಂಟಿ, ಕಾಲುವೆಯ ನೀರನ್ನು ಯಾರ ಗದ್ದೆಗೆ ಎಷ್ಟು ಬಿಡಬೇಕೆಂದು ನೋಡಿಕೊಳ್ಳುವುದು ಅವರ ಕೆಲಸ. ಗುದ್ದಲಿಯನ್ನು ಗೋಡೆಗೆ ಒರಗಿಸಿ, "ನಮ್ ಏಮಾನ ಪಟ ಓಯ್ತಾ ಮೇಷ್ಟ್ರೆ?" ಎಂದರು.

ಹೇಮಾ ಅವರ ಮೊಮ್ಮಗಳು, ತರಗತಿಗೆ ಎರಡನೆಯವಳು. ಹಕಾರದ ಹುಡುಗಿಯಾದ್ದರಿಂದ ಹಾಜರಿ ಪುಸ್ತಕದಲ್ಲಿ ಕಟ್ಟಕಡೆಯ ಹೆಸರು ಅವಳದೇ. ನಾನು ತೆರೆಯ ಕಡೆ ನೋಡಿದೆ. ರಾಜಣ್ಣನವರ ಇಪ್ಪತ್ತು ಫೋಟೊಗಳು ಹೋಗಿ ಒಂದು ಗಂಟೆಯಾಗಿತ್ತು; ಅವರು ವಾಲಿಬಾಲಿಗೆ ಗಾಳಿ ತುಂಬುತ್ತಾ ಕೂತಿದ್ದರು. ಸರಳಾ ಅವರದು ಹನ್ನೆರಡು ಹೋಗಿದ್ದವು. ಗ್ರಾಫ್ ಹಾಳೆಯ ಮೇಲೆ ಗೆದ್ದುಬಂದ ನನ್ನ ಡಾಂಗಲ್ ಕಳಿಸಿದ್ದು ನಾಲ್ಕು. ಹೇಮಾಳ ಸರದಿ ಬರುವ ಹೊತ್ತಿಗೆ ನಡುರಾತ್ರಿ ದಾಟುತ್ತಿತ್ತು. ನನಗೆ ನಿಜಕ್ಕೂ ಭಯವಾಯಿತು. ಓದುವ ಹುಡುಗಿಯ ಒಂದು ವರ್ಷ ನನ್ನ ಕೈಯಿಂದ ಹಾಳಾಗುವುದರಲ್ಲಿತ್ತು.

"ಆ ಪೆಟ್ಗೆ ಯಾಕ್ ಸುಮ್ನೆ ಕುಂತದೆ?" ಕಾಳಯ್ಯ ರಾಜಣ್ಣನವರ ಕಂಪ್ಯೂಟರನ್ನು ತೋರಿಸಿದರು.

"ಅದರ ಪಾಲು ಮುಗೀತು ಕಾಳಯ್ಯನೋರೆ. ಎಲ್ಲಕ್ಕೂ ಸಮ ಹಂಚಿದ್ದೀನಿ."

ಕಾಳಯ್ಯ ಬೋರ್ಡನ್ನೂ ನನ್ನನ್ನೂ ಒಂದು ಸಲ ನೋಡಿದರು. "ನಾನೇನ್ ಓದ್ದೋನಲ್ಲ ಸೋಮಿ. ಆದ್ರೆ ಮೂರ್ ಕಾಲ್ವೆಗೂ ಸಮ ಅಂತ ನೀರ್ ಬುಟ್ಟು ಮನೇಲಿ ಕುಂತ್ರೆ ಕೊನೆ ಗದ್ದೆ ಒಣಗೋಯ್ತದೆ. ಊಳು ತುಂಬಿರೋ ಕಾಲ್ವೆಗೆ ಅದು ಎಳ್ಯೋಷ್ಟೇ ಬುಡ್ಬೇಕು. ಮಿಕ್ಕಿದ್ದ ಓಡೋ ಕಾಲ್ವೆಗೆ ತಿರುಗಿಸ್ಬೇಕು. ಏರಿ ಮ್ಯಾಲೆ ನಡ್ಕಂಡು ನೋಡ್ತಾನೇ ಇರ್ಬೇಕು ಕಣ್ ಮೇಷ್ಟ್ರೆ, ಮೊದ್ಲೇ ಪಾಲ್ ಮಾಡಾಕಾಯ್ತದಾ?"

ರಾಜಣ್ಣ ವಾಲಿಬಾಲ್ ಕೆಳಗಿಟ್ಟರು. ನಾನು ಬೋರ್ಡು ಒರೆಸಿದೆ. ಉಳಿದ ಫೋಟೊಗಳನ್ನೆಲ್ಲ ಪೆನ್ ಡ್ರೈವಿಗೆ ಎತ್ತಿಕೊಂಡು, ಯಾವ ಕಂಪ್ಯೂಟರ್ ಖಾಲಿಯಾದರೆ ಅದಕ್ಕೆ ಎರಡೆರಡು ಉಣಿಸುತ್ತಾ ಹೋದೆವು. ಕಾಳಯ್ಯ ಮೂರರ ನಡುವೆ ಏರಿಯ ಮೇಲೆ ನಡೆದಂತೆ ಓಡಾಡುತ್ತಾ, "ಇದು ಬರಿದಾಯ್ತು, ಬುಡಿ ಬುಡಿ!" ಎಂದು ಕೂಗುತ್ತಿದ್ದರು. ನನ್ನದರ ಮುಂದೆ ಮಾತ್ರ ನಿಲ್ಲದೆ ಸರಿದುಹೋಗುತ್ತಿದ್ದರು. ನಾಲ್ಕೂಕಾಲಿಗೆ ಹೇಮಾಳ ಫೋಟೊವೂ ರಾಜಣ್ಣನವರ ಡಾಂಗಲ್ಲಿನಿಂದ ಹೋಯಿತು. ಕಾಳಯ್ಯ ತಲೆಯ ಟವೆಲ್ ತೆಗೆದು ಮುಖ ಒರೆಸಿಕೊಂಡರು. ನಾನೂ ಒರೆಸಿಕೊಂಡೆ.

ನಾಲ್ಕೂವರೆಗೆ ಆಫೀಸಿನ ಗುಮಾಸ್ತರ ಫೋನು. "ಅರವತ್ತೂ ಬಂದಿವೆ ಸಾರ್. ಆದ್ರೆ ಯಾವ ಶಾಲೆಯ ಮಕ್ಕಳು ಅನ್ನೋ ಪತ್ರವೇ ಇಲ್ವಲ್ಲ? ಇವರನ್ನ ಯಾರ ಲೆಕ್ಕಕ್ಕೆ ಸೇರಿಸ್ಲಿ?"

ಶಾಲೆಯ ಮೊಹರು, ನನ್ನ ಸಹಿ ಇದ್ದ ಆ ಪತ್ರವನ್ನು ನನ್ನ ಡಾಂಗಲ್ಲಿನಿಂದಲೇ ಕಳಿಸುತ್ತೇನೆಂದು ಹಟ ಹಿಡಿದು ಮೂರೂವರೆಗೇ ಬಿಟ್ಟಿದ್ದೆ. ಅದಕ್ಕೂ ಒಂದು ಮರ್ಯಾದೆ ಬೇಡವೇ? ಪತ್ರ ಇನ್ನೂ ಹೊರಟಲ್ಲೇ ಇತ್ತು. ಕಾಳಯ್ಯ ಗುದ್ದಲಿ ಹೆಗಲಿಗೇರಿಸಿ, ಗಲ್ಲವೆತ್ತಿ ರಾಜಣ್ಣನವರ ಕಂಪ್ಯೂಟರನ್ನು ತೋರಿಸಿದರು. ಮೂರು ನಿಮಿಷದಲ್ಲಿ ಪತ್ರ ಮುಟ್ಟಿತು.

ಸೋಮವಾರ ಹತ್ತನೇ ತರಗತಿಯಲ್ಲಿ ಏನೂ ಆಗಿಲ್ಲವೆಂಬಂತೆ ಬೋರ್ಡಿನ ಮೇಲೆ ಬರೆದೆ: ಒಂದು ತೊಟ್ಟಿಗೆ ಮೂರು ನಲ್ಲಿಗಳಿವೆ, ಮೊದಲನೆಯದು ಎರಡು ಗಂಟೆಯಲ್ಲಿ, ಎರಡನೆಯದು ಮೂರು ಗಂಟೆಯಲ್ಲಿ, ಮೂರನೆಯದು ಹನ್ನೆರಡು ಗಂಟೆಯಲ್ಲಿ ತೊಟ್ಟಿಯನ್ನು ತುಂಬುತ್ತದೆ. ಕೊನೆಯ ಬೆಂಚಿನಲ್ಲಿ ಹೇಮಾ ಕೈಯೆತ್ತಿದಳು. ಜಾಣೆ, ಬಾಯಲ್ಲೇ ಉತ್ತರ ಹೇಳುತ್ತಾಳೆ ಎಂದುಕೊಂಡು, "ಹೇಳಮ್ಮ" ಎಂದೆ.

ಅವಳು ಎದ್ದುನಿಂತು ಬಹಳ ವಿನಯದಿಂದ ಕೇಳಿದಳು: "ಸಾರ್, ಮೂರನೇ ನಲ್ಲಿ ನಿಮ್ದಾ?"